ನಾಚಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಆರೋಗ್ಯ ಕಾರ್ಯಕ್ರಮ ರೂಪಿಸುವ ಬಗೆ

ಕಾಯಿಲೆಯ ಮೊದಲ ಲಕ್ಷಣ ಕಾಣಿಸಿಕೊಂಡ ದಿನಕ್ಕೂ ರೋಗಿ ವೈದ್ಯರ ಎದುರು ಬಂದು ಕುಳಿತ ದಿನಕ್ಕೂ ನಡುವೆ ಕಳೆದುಹೋಗುವ ಕಾಲ ಅನೇಕ ಕಾಯಿಲೆಗಳಲ್ಲಿ ಔಷಧದಷ್ಟೇ ನಿರ್ಣಾಯಕವಾದದ್ದು. ಸ್ತನದಲ್ಲಿ ಗಂಟು, ಗುಪ್ತಾಂಗದಲ್ಲಿ ಹುಣ್ಣು, ಮಲದಲ್ಲಿ ರಕ್ತ, ವಾರಗಟ್ಟಲೆ ಬಿಡದ ಕೆಮ್ಮು, ಬದುಕೇ ಬೇಡವೆನ್ನಿಸುವ ಮನಸ್ಸು, ಇವುಗಳಲ್ಲಿ ಯಾವುದನ್ನೇ ತೆಗೆದುಕೊಂಡರೂ ತಡವಾಗಿ ಬಂದವರನ್ನು ವಿಚಾರಿಸಿದಾಗ ದೂರ, ಖರ್ಚು ಮತ್ತು ತಿಳಿವಳಿಕೆಯ ಕೊರತೆಯ ಜೊತೆಗೆ ಇನ್ನೊಂದು ಕಾರಣ ತಗ್ಗಿದ ದನಿಯಲ್ಲಿ ಹೊರಬರುತ್ತದೆ. ಹೇಳಿಕೊಳ್ಳಲು ನಾಚಿಕೆಯಾಯಿತು ಎಂಬುದೇ ಆ ಕಾರಣ. ಮೊದಲ ಮೂರಕ್ಕೆ ಯೋಜನೆಗಳಲ್ಲಿ ಹಣವೂ ಇರುತ್ತದೆ, ಹೊಣೆ ಹೊರುವವರೂ ಇರುತ್ತಾರೆ. ನಾಲ್ಕನೆಯದಕ್ಕೆ ‘ಜಾಗೃತಿ ಮೂಡಿಸಲಾಗುವುದು’ ಎಂಬ ಒಂದು ಸಾಲಿನಾಚೆಗೆ ಹೆಚ್ಚೇನೂ ಸಿಗುವುದು ಅಪರೂಪ.

ಚಿಕಿತ್ಸಾಲಯ ನಡೆಸುವವರು, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರು, ಪ್ರಚಾರದ ಭಿತ್ತಿಪತ್ರ ಬರೆಯುವವರು ಮತ್ತು ಶಾಲೆಗಳಲ್ಲಿ ಆರೋಗ್ಯದ ಪಾಠ ಹೇಳುವವರು ಆ ಒಂದು ಸಾಲಿನ ಜಾಗದಲ್ಲಿ ಏನು ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಇದೆಲ್ಲದರ ಹಿಂದಿರುವ ತಿಳಿವಳಿಕೆ ಒಂದೇ. ನಾಚಿಕೆಯು ಮನುಷ್ಯನ ನಡತೆಯನ್ನು ತಿದ್ದುವುದಕ್ಕಿಂತ ಹೆಚ್ಚಾಗಿ ಅದನ್ನು ಇತರರ ಕಣ್ಣಿಗೆ ಬೀಳದಂತೆ ಮರೆಮಾಡುತ್ತದೆ. ಆದ್ದರಿಂದ ರೋಗಿಗೆ ಧೈರ್ಯ ಹೇಳುವುದು ಮೊದಲ ಕೆಲಸವಲ್ಲ. ಯಾರ ಕಣ್ಣಿಗೆ, ಯಾವ ಜಾಗದಲ್ಲಿ, ಯಾವ ಗಳಿಗೆಯಲ್ಲಿ ಬೀಳುತ್ತೇನೆಂದು ಆತ ಅಂಜುತ್ತಾನೋ ಆ ಜಾಗವನ್ನು ಹುಡುಕಿ ಬದಲಾಯಿಸುವುದು ಮೊದಲ ಕೆಲಸ.

ಯಾರ ಕಣ್ಣಿಗೆ ಅಂಜಿಕೆ ಎಂಬುದನ್ನು ಮೊದಲು ತಿಳಿದುಕೊಳ್ಳಿ

‘ನಾನು ತಪ್ಪು ಮಾಡಿದೆ’ ಎನ್ನುವವನಿಗೂ ‘ನಾನೇ ಕೆಟ್ಟವನು’ ಎನ್ನುವವನಿಗೂ ಇರುವ ಅಂತರವನ್ನು ಮನೋವಿಜ್ಞಾನಿಗಳು ಬಹಳ ಕಾಲದಿಂದ ಗುರುತಿಸುತ್ತ ಬಂದಿದ್ದಾರೆ. ಹೆಲೆನ್ ಬ್ಲಾಕ್ ಲೂಯಿಸ್ ಅವರು 1971ರಲ್ಲಿ ಈ ಭೇದವನ್ನು ಸ್ಪಷ್ಟವಾಗಿ ಮುಂದಿಟ್ಟರು. ಮಾಡಿದ ಕೆಲಸದ ಬಗ್ಗೆ ಪಶ್ಚಾತ್ತಾಪಪಡುವವನು ಸಾಮಾನ್ಯವಾಗಿ ಸರಿಪಡಿಸುವ ದಾರಿ ಹುಡುಕುತ್ತಾನೆ. ತನ್ನ ಬಗ್ಗೆಯೇ ನಾಚುವವನು ಅಡಗಿಕೊಳ್ಳಲು, ಸುಳ್ಳು ಹೇಳಲು, ಕೆಲವೊಮ್ಮೆ ಎದುರಿನವರ ಮೇಲೆ ಹರಿಹಾಯಲು ನೋಡುತ್ತಾನೆ. ಆರೋಗ್ಯ ಸಿಬ್ಬಂದಿ ‘ಸಹಕರಿಸದ ರೋಗಿ’ ಎಂದು ಕರೆಯುವವರಲ್ಲಿ ಬಹುಪಾಲು ಜನ ಈ ಎರಡನೆಯ ಸ್ಥಿತಿಯಲ್ಲಿರುವವರೇ ಎಂಬುದು ನನ್ನ ಅಭಿಪ್ರಾಯ.

ಸಂಸ್ಕೃತಿಯಿಂದ ಸಂಸ್ಕೃತಿಗೆ ಬದಲಾಗುವುದು ಮುಖ್ಯವಾಗಿ ಆ ಕಣ್ಣುಗಳ ಒಡೆತನ. ಮಾನವಶಾಸ್ತ್ರಜ್ಞೆ ರೂತ್ ಬೆನೆಡಿಕ್ಟ್ 1946ರಲ್ಲಿ ಜಪಾನಿನ ಬಗ್ಗೆ ಬರೆಯುತ್ತ ನಾಚಿಕೆಯ ಸಂಸ್ಕೃತಿ ಮತ್ತು ಪಾಪಪ್ರಜ್ಞೆಯ ಸಂಸ್ಕೃತಿ ಎಂಬ ವಿಂಗಡಣೆಯನ್ನು ಜನಪ್ರಿಯಗೊಳಿಸಿದರು. ಇಡೀ ಸಮಾಜಗಳನ್ನು ಹೀಗೆ ಎರಡು ಪಾಲು ಮಾಡುವುದು ಕೆಲಸಕ್ಕೆ ಬಾರದು, ಏಕೆಂದರೆ ಎರಡು ಭಾವನೆಗಳೂ ಎಲ್ಲೆಡೆ ಇವೆ. ಆದರೆ ಅದರಿಂದ ಒಂದು ಉಪಯುಕ್ತ ಪ್ರಶ್ನೆ ಹುಟ್ಟುತ್ತದೆ. ಈ ಕಾಯಿಲೆ ಬಯಲಾದರೆ ಮರ್ಯಾದೆ ಹೋಗುವುದು ರೋಗಿಯದೋ, ಅವನ ಮನೆತನದ್ದೋ, ಅವನು ಸೇರಿದ ಇಡೀ ಗುಂಪಿನದ್ದೋ? ಮರ್ಯಾದೆ ಮನೆಯದ್ದೆಂದು ಭಾವಿಸುವ ಕಡೆ ರೋಗಿಯೊಬ್ಬನಿಗೇ ಆಪ್ತಸಮಾಲೋಚನೆ ನಡೆಸಿದರೆ ಸಾಲದು, ಏಕೆಂದರೆ ಚಿಕಿತ್ಸೆಗೆ ಹೋಗಬೇಕೇ ಬೇಡವೇ ಎಂಬ ತೀರ್ಮಾನ ಅವನ ಕೈಯಲ್ಲೇ ಇರುವುದಿಲ್ಲ. ಅಣ್ಣನ ಮಾನಸಿಕ ಕಾಯಿಲೆ ತಂಗಿಯ ಮದುವೆಗೆ ಅಡ್ಡಿಯಾದೀತು ಎಂದು ಹೆದರುವ ಕುಟುಂಬಕ್ಕೆ ಕಾಯಿಲೆಯ ವಿಜ್ಞಾನವನ್ನು ಎಷ್ಟು ವಿವರಿಸಿದರೂ ಆ ಹೆದರಿಕೆ ಹಾಗೆಯೇ ಉಳಿಯುತ್ತದೆ. ಅವರಿಗೆ ಬೇಕಾದದ್ದು ಗೋಪ್ಯತೆಯ ಖಾತರಿ ಮತ್ತು ಚಿಕಿತ್ಸೆ ಪಡೆದು ನೆಟ್ಟಗಾದ ಇನ್ನೊಂದು ಕುಟುಂಬದ ಜೊತೆ ಮಾತನಾಡುವ ಅವಕಾಶ.

ಕಾರ್ಯಕ್ರಮ ಆರಂಭಿಸುವ ಮುನ್ನ ಆ ಪ್ರದೇಶದ ಕೆಲವರನ್ನು ಬಿಡಿಬಿಡಿಯಾಗಿ ಮಾತನಾಡಿಸಿ, ‘ಇಲ್ಲಿನ ಒಬ್ಬರಿಗೆ ಈ ತೊಂದರೆ ಬಂದರೆ ಅವರು ಮೊದಲು ಯಾರಿಗೆ ಹೇಳುತ್ತಾರೆ, ಯಾರಿಗೆ ಖಂಡಿತ ಹೇಳುವುದಿಲ್ಲ?’ ಎಂದು ಕೇಳಿ. ಅವರ ಸ್ವಂತ ವಿಷಯ ಕೇಳದೆ ಹೀಗೆ ಮೂರನೆಯವರ ಬಗ್ಗೆ ಕೇಳಿದರೆ ಉತ್ತರ ಸಲೀಸಾಗಿ ಬರುತ್ತದೆ. ‘ಯಾರಿಗೆ ಹೇಳುವುದಿಲ್ಲ’ ಎಂಬುದರ ಉತ್ತರದಲ್ಲಿ ಆರೋಗ್ಯ ಸಿಬ್ಬಂದಿಯೇ ಇದ್ದರೆ ಮುಂದಿನ ಎಲ್ಲ ಕೆಲಸಕ್ಕಿಂತ ಮೊದಲು ಅದನ್ನು ಸರಿಪಡಿಸಬೇಕಾಗುತ್ತದೆ.

ರೋಗಿ ನಡೆಯುವ ದಾರಿಯನ್ನು ನೀವೂ ನಡೆಯಿರಿ

ಬಾಗಿಲಿನಿಂದ ಔಷಧ ಕೊಡುವ ಕಿಟಕಿಯವರೆಗೆ ರೋಗಿ ಹೋಗುವ ಹಾದಿಯಲ್ಲಿ ಒಮ್ಮೆ ನಿಧಾನವಾಗಿ ನಡೆದು, ಪ್ರತಿ ನಿಲುಗಡೆಯಲ್ಲೂ ಎರಡು ವಿಷಯ ಬರೆದುಕೊಳ್ಳಿ: ಇಲ್ಲಿ ನನ್ನನ್ನು ಯಾರು ನೋಡಬಲ್ಲರು, ನಾನು ಆಡಿದ ಮಾತನ್ನು ಯಾರು ಕೇಳಬಲ್ಲರು? ಬಹುತೇಕ ಕಡೆ ಮೊದಲ ಗಾಯ ನೋಂದಣಿಯ ಮೇಜಿನ ಬಳಿಯೇ ಆಗಿಬಿಡುತ್ತದೆ. ಹೆಸರು, ವಯಸ್ಸು ಬರೆದುಕೊಂಡ ಗುಮಾಸ್ತರು ತಲೆ ಎತ್ತದೆಯೇ ‘ಏನು ತೊಂದರೆ?’ ಎಂದು ಕೇಳುತ್ತಾರೆ. ಹಿಂದೆ ಸಾಲಿನಲ್ಲಿ ಐದಾರು ಜನ ನಿಂತಿರುತ್ತಾರೆ. ಬಂದಾಕೆ ಒಂದು ಕ್ಷಣ ತಡೆದು ‘ತಲೆನೋವು’ ಎನ್ನುತ್ತಾಳೆ. ಚೀಟಿಯ ಮೇಲೆ ತಲೆನೋವು ಎಂದು ದಾಖಲಾಗುತ್ತದೆ. ವೈದ್ಯರ ಕೋಣೆಯ ಬಾಗಿಲು ಅರೆ ತೆರೆದಿದ್ದು ಮುಂದಿನ ರೋಗಿ ಹೊಸ್ತಿಲಲ್ಲೇ ನಿಂತಿದ್ದರೆ ಆಕೆ ತಲೆನೋವಿನ ಮಾತ್ರೆಯನ್ನೇ ಪಡೆದುಕೊಂಡು ಹಿಂತಿರುಗುತ್ತಾಳೆ. ಇದಕ್ಕೆ ಪರಿಹಾರ ಸರಳವಾಗಿದೆ. ನೋಂದಣಿಯಲ್ಲಿ ಕಾಯಿಲೆಯ ಪ್ರಶ್ನೆಯನ್ನೇ ತೆಗೆದುಹಾಕಬೇಕು. ಸಾಲು ನಿಲ್ಲುವ ಗೆರೆಯನ್ನು ಕೆಲವು ಹೆಜ್ಜೆ ಹಿಂದಕ್ಕೆ ಎಳೆಯಬೇಕು. ಒಬ್ಬರು ಒಳಗಿರುವಾಗ ಬಾಗಿಲು ಪೂರ್ತಿ ಮುಚ್ಚಿರಬೇಕು.

ಒಂದೇ ಕಾಯಿಲೆಗೆ ಮೀಸಲಾದ ಪ್ರತ್ಯೇಕ ಬಾಗಿಲು, ಬೇರೆ ಬಣ್ಣದ ಕಡತ, ಮಂಗಳವಾರ ಮಾತ್ರ ಎಂಬ ವಿಶೇಷ ದಿನ, ಇವೆಲ್ಲ ಆಡಳಿತಕ್ಕೆ ಅನುಕೂಲವಾದರೂ ಅಲ್ಲಿಗೆ ಬಂದವರ ಕಾಯಿಲೆಯನ್ನು ಊರಿಗೆ ಸಾರುತ್ತವೆ. ಸಾಧ್ಯವಿರುವಲ್ಲೆಲ್ಲ ಆ ಸೇವೆಯನ್ನು ಎಲ್ಲರೂ ಬರುವ ಸಾಮಾನ್ಯ ಹೊರರೋಗಿ ವಿಭಾಗದೊಳಗೆ ಸೇರಿಸಿ. ದಾರಿಯನ್ನೇ ತಪ್ಪಿಸಬಹುದಾದರೆ ಇನ್ನೂ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಎಚ್‌ಐವಿ ಸ್ವಯಂಪರೀಕ್ಷೆಯನ್ನು ಶಿಫಾರಸು ಮಾಡಿತು. ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ 2021ರ ಮಾರ್ಗಸೂಚಿಯಲ್ಲಿ ಎಚ್‌ಪಿವಿ (ಈ ಕ್ಯಾನ್ಸರಿಗೆ ಕಾರಣವಾಗುವ ವೈರಸ್) ಪರೀಕ್ಷೆಗೆ ಬೇಕಾದ ಮಾದರಿಯನ್ನು ಮಹಿಳೆ ತಾನೇ ತೆಗೆದುಕೊಳ್ಳುವ ವಿಧಾನಕ್ಕೂ ಜಾಗ ಕೊಟ್ಟಿತು. ಅಪರಿಚಿತರ ಎದುರು ಮೈ ತೋರಿಸಬೇಕಾದ ಮುಜುಗರಕ್ಕೆ ತಪಾಸಣೆಯನ್ನೇ ಬಿಟ್ಟಿದ್ದವರನ್ನು ಉಪದೇಶವಿಲ್ಲದೆ ತಲುಪುವ ದಾರಿಗಳಿವು.

ಸಾಂಕ್ರಾಮಿಕದ ನಡುವೆಯೂ ಇದು ನಡೆಯುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯಾದ ಸೋಲ್ ನಗರದ ಅನುಭವವಿದೆ. 2020ರ ಮೇ ತಿಂಗಳಲ್ಲಿ ಅಲ್ಲಿನ ಇಟೇವಾನ್ ಬಡಾವಣೆಯ ನೈಟ್‌ಕ್ಲಬ್‌ಗಳಿಗೆ ಹೋದವರಲ್ಲಿ ಕೋವಿಡ್ ಕಂಡುಬಂತು. ಅವುಗಳಲ್ಲಿ ಕೆಲವು ಸಲಿಂಗಕಾಮಿಗಳು ಸೇರುವ ಜಾಗಗಳೆಂದು ಸುದ್ದಿ ಹಬ್ಬಿದ್ದರಿಂದ, ಪರೀಕ್ಷೆಗೆ ಹೋದರೆ ಮನೆಗೂ ಕಚೇರಿಗೂ ತಮ್ಮ ಖಾಸಗಿ ಬದುಕು ಗೊತ್ತಾಗುತ್ತದೆಂದು ಅನೇಕರು ಹಿಂಜರಿದರು. ಆಗ ನಗರಾಡಳಿತವು ಹೆಸರು ಕೇಳದೆ ಫೋನ್ ಸಂಖ್ಯೆಯನ್ನು ಮಾತ್ರ ಪಡೆದು ಪರೀಕ್ಷೆ ನಡೆಸಲು ಆರಂಭಿಸಿತು, ಬರುವವರ ಸಂಖ್ಯೆಯೂ ಏರಿತು. ಸಂಪರ್ಕಿತರನ್ನು ಹುಡುಕುವ ಕೆಲಸದಲ್ಲೂ ಇದೇ ನಿಯಮವನ್ನು ಪಾಲಿಸಬೇಕು. ‘ನಿಮ್ಮ ಸಂಪರ್ಕಕ್ಕೆ ಬಂದ ಒಬ್ಬರಲ್ಲಿ ಸೋಂಕು ಕಂಡುಬಂದಿದೆ’ ಎಂಬಷ್ಟಕ್ಕೇ ಮಾತು ನಿಲ್ಲಬೇಕು. ಭೇಟಿಯ ದಿನಾಂಕವನ್ನಾಗಲಿ, ಆ ವ್ಯಕ್ತಿ ಗಂಡೋ ಹೆಣ್ಣೋ ಎಂಬುದನ್ನಾಗಲಿ ಹೇಳಿದರೆ ಹೆಸರು ಹೇಳಿದಂತೆಯೇ ಆಗುತ್ತದೆ.

ಫಲಕದ ಮೇಲಿನ ಹೆಸರು

ಜಿಂಬಾಬ್ವೆಯ ಮನೋವೈದ್ಯ ಡಿಕ್ಸನ್ ಚಿಬಾಂಡ ಅವರು 2006ರಲ್ಲಿ ಹರಾರೆಯ ಎಂಬಾರೆ ಪ್ರದೇಶದಲ್ಲಿ ಒಂದು ಪ್ರಯೋಗ ಆರಂಭಿಸಿದರು. ಆರೋಗ್ಯ ಕೇಂದ್ರದ ಆವರಣದಲ್ಲಿ ಮರದ ಬೆಂಚು, ಅದರ ಮೇಲೆ ತರಬೇತಿ ಪಡೆದ ಅಜ್ಜಿ, ಪಕ್ಕದಲ್ಲಿ ಕಷ್ಟ ಹೇಳಿಕೊಳ್ಳಲು ಬಂದವರು. ಮೊದಮೊದಲು ಇದಕ್ಕಿದ್ದ ‘ಮಾನಸಿಕ ಆರೋಗ್ಯದ ಬೆಂಚು’ ಎಂಬ ಹೆಸರನ್ನು ನೋಡಿ ಜನ ಹತ್ತಿರ ಸುಳಿಯಲಿಲ್ಲ. ಅಜ್ಜಿಯರ ಸಲಹೆಯಂತೆ ಅದು ‘ಸ್ನೇಹದ ಬೆಂಚು’ ಆಯಿತು. ಖಿನ್ನತೆ ಎಂಬ ರೋಗದ ಹೆಸರನ್ನು ಮುಂದಿಡದೆ, ‘ಅತಿಯಾಗಿ ಯೋಚಿಸುವುದು’ ಎಂದು ಅಲ್ಲಿನ ಜನ ತಾವೇ ಹೇಳಿಕೊಳ್ಳುವ ಮಾತಿನಿಂದಲೇ ಸಂಭಾಷಣೆ ಶುರುವಾಗುತ್ತದೆ. 2016ರಲ್ಲಿ ಪ್ರಕಟವಾದ, 573 ಜನರನ್ನು ಒಳಗೊಂಡ ಪ್ರಯೋಗದಲ್ಲಿ ಆರು ತಿಂಗಳ ನಂತರ ಬೆಂಚಿಗೆ ಬಂದವರ ಪೈಕಿ ಸುಮಾರು ಶೇ. 14 ಮಂದಿಯಲ್ಲಿ ಮಾತ್ರ ಖಿನ್ನತೆಯ ಲಕ್ಷಣಗಳು ಉಳಿದಿದ್ದವು. ಎಂದಿನ ಆರೈಕೆ ಪಡೆದವರಲ್ಲಿ ಆ ಪ್ರಮಾಣ ಸುಮಾರು ಶೇ. 50 ಇತ್ತು. ಈ ಫಲ ಹೆಸರೊಂದರಿಂದಲೇ ಬಂದದ್ದಲ್ಲ, ಅಜ್ಜಿಯರು ಕಲಿತು ಬಂದ ಸಮಸ್ಯೆ ಬಿಡಿಸುವ ಕ್ರಮಬದ್ಧ ವಿಧಾನದಿಂದ ಬಂದದ್ದು. ಆದರೆ ಹೆಸರು ಬದಲಾಗದಿದ್ದರೆ ಆ ವಿಧಾನ ಬಳಸಲು ಬೆಂಚಿನ ಮೇಲೆ ಯಾರೂ ಕುಳಿತಿರುತ್ತಿರಲಿಲ್ಲ.

ಜನಾಂಗ, ಊರು, ಪ್ರಾಣಿ, ವೃತ್ತಿಗಳ ಹೆಸರನ್ನು ಹೊಸ ರೋಗಗಳಿಗೆ ಅಂಟಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚನೆ ಹೊರಡಿಸಿತು. ಮಂಕಿಪಾಕ್ಸ್ 2022ರ ನವೆಂಬರಿನಲ್ಲಿ ಎಂಪಾಕ್ಸ್ ಆದದ್ದು ಇದೇ ಚಿಂತನೆಯಿಂದ. ನಿಮ್ಮ ಫಲಕ, ಚೀಟಿ, ಔಷಧದ ಪೊಟ್ಟಣ, ಮೊಬೈಲ್ ಸಂದೇಶಗಳಲ್ಲಿ ರೋಗದ ಹೆಸರು ಎಲ್ಲೆಲ್ಲಿ ಅನಗತ್ಯವಾಗಿ ಕಾಣುತ್ತದೆ ಎಂಬುದನ್ನು ಪಟ್ಟಿ ಮಾಡಿ ತೆಗೆಸಿ.

ಪ್ರಶ್ನೆ ಕೇಳುವ ಕ್ರಮ

ನಾಚಿಕೆಯ ಬಲವನ್ನು ಅಳೆದು ತೋರಿಸಿದ ಅಧ್ಯಯನಗಳಲ್ಲಿ ಒಂದು 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಹದಿಹರೆಯದ ಹುಡುಗರಿಗೆ ಒಂದೇ ಬಗೆಯ ಪ್ರಶ್ನೆಗಳನ್ನು ಕೆಲವರಿಗೆ ಕಾಗದದ ಮೇಲೆ, ಕೆಲವರಿಗೆ ಇಯರ್‌ಫೋನ್ ಮೂಲಕ ಕಂಪ್ಯೂಟರಿನಲ್ಲಿ ಕೇಳಲಾಯಿತು. ಗಂಡಸರೊಂದಿಗೆ ಲೈಂಗಿಕ ಸಂಪರ್ಕವಿತ್ತೆಂದು ಕಾಗದದ ಮೇಲೆ ಒಪ್ಪಿಕೊಂಡವರು ಶೇ. 1.5, ಕಂಪ್ಯೂಟರಿನ ಮುಂದೆ ಒಪ್ಪಿಕೊಂಡವರು ಶೇ. 5.5. ಮೊದಲ ಅಂಕಿಯನ್ನೇ ನಂಬಿ ಯೋಜನೆ ಹಾಕಿದವರು ಬಹುಪಾಲು ಜನರನ್ನು ಕಾಣದೆಯೇ ಉಳಿಯುತ್ತಾರೆ.

ಎದುರುಬದುರು ಕುಳಿತು ಕೇಳುವಾಗ, ಉತ್ತರ ಏನೇ ಬಂದರೂ ಅದು ಅಸಹಜವಲ್ಲ ಎಂಬ ಭಾವನೆ ಪ್ರಶ್ನೆಯೊಳಗೇ ಇರುವಂತೆ ನೋಡಿಕೊಳ್ಳಿ. ‘ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಿ ತಾನೆ?’ ಎಂಬ ಪ್ರಶ್ನೆಗೆ ಹೌದು ಎಂಬ ಉತ್ತರವೊಂದೇ ಸಾಧ್ಯ. ‘ದಿನವೂ ಮಾತ್ರೆ ನುಂಗುವುದು ಅನೇಕರಿಗೆ ಕಷ್ಟವಾಗುತ್ತದೆ. ಕಳೆದ ವಾರ ನಿಮಗೆ ಎಷ್ಟು ದಿನ ತಪ್ಪಿತು?’ ಎಂದು ಕೇಳಿದರೆ ಎರಡು ದಿನ, ಮೂರು ದಿನ ಎಂಬ ಉಪಯೋಗಕ್ಕೆ ಬರುವ ಉತ್ತರ ಸಿಗುತ್ತದೆ. ಕುಡಿತ, ತಂಬಾಕು, ಸುರಕ್ಷಿತವಲ್ಲದ ಲೈಂಗಿಕ ಸಂಪರ್ಕ, ಮೂತ್ರ ಹಿಡಿದಿಟ್ಟುಕೊಳ್ಳಲಾಗದ ತೊಂದರೆ, ಮನೆಯೊಳಗಿನ ಹಿಂಸೆ, ಯಾವುದರ ಬಗ್ಗೆಯಾದರೂ ಹೀಗೆಯೇ ಕೇಳಬಹುದು. ‘ಯಾಕೆ ಇಷ್ಟು ತಡ ಮಾಡಿದಿರಿ?’ ಎಂಬ ಮಾತನ್ನು ಮಾತ್ರ ಸಂಪೂರ್ಣವಾಗಿ ಬಿಟ್ಟುಬಿಡಿ. ಬಹಳ ದಿನದ ಹಿಂಜರಿಕೆಯನ್ನು ಮೀರಿ ಬಂದವರಿಗೆ ಮೊದಲು ಸಿಗಬೇಕಾದದ್ದು ‘ಬಂದದ್ದು ಒಳ್ಳೆಯದಾಯಿತು’ ಎಂಬ ಮಾತು. ತಡವಾದ ಕಾರಣವನ್ನು ಎರಡನೆಯ ಭೇಟಿಯಲ್ಲಿ ವಿಚಾರಿಸಿದರೆ ಯಾವ ನಷ್ಟವೂ ಇಲ್ಲ.

ನಿಯಮಗಳೂ ಕಳಂಕ ಹಚ್ಚುತ್ತವೆ

ಜನರ ಮೂಢನಂಬಿಕೆಯಿಂದ ಮಾತ್ರ ಕಳಂಕ ಹುಟ್ಟುತ್ತದೆ ಎಂದುಕೊಳ್ಳುವುದು ತಪ್ಪು. ನಾರ್ವೆಯ ಬರ್ಗೆನ್ ನಗರದಲ್ಲಿ ಗೆರ್ಹಾರ್ಡ್ ಹ್ಯಾನ್ಸೆನ್ ಅವರು 1873ರಲ್ಲಿ ಕುಷ್ಠರೋಗದ ಬ್ಯಾಕ್ಟೀರಿಯಾವನ್ನು ಗುರುತಿಸಿದರು. 1940ರ ದಶಕದಲ್ಲಿ ಪರಿಣಾಮಕಾರಿ ಔಷಧ ಬಂತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು; ಆರು ಅಥವಾ ಹನ್ನೆರಡು ತಿಂಗಳಲ್ಲಿ ರೋಗ ವಾಸಿಯಾಗುತ್ತದೆ, ಚಿಕಿತ್ಸೆ ಆರಂಭವಾದ ಕೆಲವೇ ದಿನಗಳಲ್ಲಿ ಅದು ಇತರರಿಗೆ ಹರಡುವುದೂ ನಿಲ್ಲುತ್ತದೆ. ಹೀಗಿದ್ದೂ ಜಪಾನಿನಲ್ಲಿ ರೋಗಿಗಳನ್ನು ಪ್ರತ್ಯೇಕವಾಗಿಡುವ ಕಾನೂನು 1996ರವರೆಗೆ ಜಾರಿಯಲ್ಲಿತ್ತು, ಮತ್ತು 2001ರಲ್ಲಿ ಕುಮಾಮೊಟೊ ಜಿಲ್ಲಾ ನ್ಯಾಯಾಲಯ ಅದನ್ನು ಸಂವಿಧಾನಬಾಹಿರವೆಂದು ಹೇಳಿ ಸರ್ಕಾರವೇ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಹೀಗೆ ದಶಕಗಳ ಕಾಲ ಬೇಲಿಯ ಹಿಂದೆ ಇಟ್ಟ ಕಾಯಿಲೆಯನ್ನು ನೆರೆಹೊರೆಯವರು ಸಾಮಾನ್ಯ ಕಾಯಿಲೆ ಎಂದು ನಂಬಬೇಕೆಂದು ನಿರೀಕ್ಷಿಸುವುದು ಅನ್ಯಾಯ.

ಆದ್ದರಿಂದ ನಿಮ್ಮ ಸಂಸ್ಥೆಯ ನಿಯಮಗಳನ್ನು ಇಂದಿನ ವೈದ್ಯಕೀಯ ಜ್ಞಾನದ ಬೆಳಕಿನಲ್ಲಿ ಪರಿಶೀಲಿಸಿ. ಸೋಂಕು ಸ್ಪರ್ಶದಿಂದ ಹರಡದಿದ್ದರೂ ಸಿಬ್ಬಂದಿ ಕೈಗವಸು ತೊಟ್ಟು ಕೈಕುಲುಕುತ್ತಿದ್ದರೆ, ಒಂದು ಕಾಯಿಲೆಯವರ ಹಾಸಿಗೆಯನ್ನು ಮಾತ್ರ ಮೂಲೆಗೆ ಸರಿಸಿದ್ದರೆ, ಉದ್ಯೋಗದ ಅರ್ಜಿಯಲ್ಲಿ ಮಾನಸಿಕ ಚಿಕಿತ್ಸೆಯ ಇತಿಹಾಸ ಕೇಳುತ್ತಿದ್ದರೆ, ಭಿತ್ತಿಪತ್ರಕ್ಕೆ ಖರ್ಚು ಮಾಡುವ ಮೊದಲು ಇವನ್ನು ತೆಗೆಯಬೇಕು.

ನಾಚಿಸಿ ತಿದ್ದಬಹುದೇ?

ಈ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಕೊಡಬೇಕಾದರೆ ಕೆಲವೊಮ್ಮೆ ಫಲ ಸಿಗುತ್ತದೆ ಎಂಬುದನ್ನೂ ಒಪ್ಪಬೇಕಾಗುತ್ತದೆ. 1999–2000ರ ಸುಮಾರಿಗೆ ಬಾಂಗ್ಲಾದೇಶದ ರಾಜಶಾಹಿ ಜಿಲ್ಲೆಯಲ್ಲಿ ಅಭಿವೃದ್ಧಿ ಸಲಹೆಗಾರ ಕಮಲ್ ಕರ್ ಅವರು ಆರಂಭಿಸಿದ ಸಮುದಾಯ ನೇತೃತ್ವದ ಸಂಪೂರ್ಣ ನೈರ್ಮಲ್ಯ ವಿಧಾನದಲ್ಲಿ ಊರಿನವರೆಲ್ಲ ಒಟ್ಟಾಗಿ ಬಯಲು ಶೌಚದ ಜಾಗಗಳಿಗೆ ನಡೆದುಹೋಗಿ, ನೆಲದ ಮೇಲೆ ನಕ್ಷೆ ಬಿಡಿಸಿ, ಮಲ ಹೇಗೆ ತಮ್ಮ ಆಹಾರ ನೀರಿಗೆ ಬಂದು ಸೇರುತ್ತದೆಂದು ಕಣ್ಣಾರೆ ಕಾಣುತ್ತಾರೆ. ಅಸಹ್ಯ ಮತ್ತು ನಾಚಿಕೆಗಳೇ ಇಲ್ಲಿ ಪ್ರೇರಣೆ. ಮಾಲಿ ದೇಶದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ವಿಧಾನ ಅನುಸರಿಸಿದ ಹಳ್ಳಿಗಳಲ್ಲಿ ಸ್ವಂತ ಶೌಚಾಲಯವಿದ್ದ ಮನೆಗಳ ಪ್ರಮಾಣ ಉಳಿದ ಹಳ್ಳಿಗಳಿಗಿಂತ ಸುಮಾರು ಎರಡು ಪಟ್ಟಾಗಿತ್ತು. ಇದು ಸಣ್ಣ ಸಾಧನೆಯಲ್ಲ. ಆದರೆ ಇದೇ ಮಾದರಿಯನ್ನು ಅವಸರದಿಂದ ನಕಲು ಮಾಡಿದ ಕಡೆಗಳಲ್ಲಿ ಬಯಲಿಗೆ ಹೋದವರ ಹಿಂದೆ ಸೀಟಿ ಊದುವುದು, ದಂಡ ಹಾಕುವುದು, ಕಲ್ಲೆಸೆಯುವುದು ನಡೆದ ವರದಿಗಳಿವೆ. ಆ ಪೆಟ್ಟು ಬಿದ್ದದ್ದು ಶೌಚಾಲಯ ಕಟ್ಟಲು ಜಾಗವೂ ಹಣವೂ ಇಲ್ಲದವರ ಮೇಲೆ, ವೃದ್ಧರ ಮೇಲೆ, ಅಂಗವಿಕಲರ ಮೇಲೆ.

ಮೂರು ಷರತ್ತುಗಳು ಪೂರೈಸದ ಹೊರತು ನಾಚಿಕೆಯನ್ನು ಉಪಕರಣವಾಗಿ ಬಳಸಲೇಬಾರದೆಂದು ನಾನು ದೃಢವಾಗಿ ನಂಬುತ್ತೇನೆ. ಎಲ್ಲರೂ ಸಮಾನವಾಗಿ ಪಾಲುದಾರರಾದ ನಡತೆಯ ಮೇಲೆ ಅದು ಗುರಿಯಿಡಬೇಕು, ಒಬ್ಬ ವ್ಯಕ್ತಿಯ ಮೇಲಲ್ಲ. ಅದರಿಂದ ಹೊರಬರುವ ದಾರಿ ಅತ್ಯಂತ ಬಡವರ ಕೈಗೂ ಎಟುಕುವಂತಿರಬೇಕು. ಮತ್ತು ಅಡಗಿಸಲು ಬರುವಂಥ ನಡತೆ ಅದಾಗಿರಬಾರದು. ದೇಹದ ತೂಕ, ವ್ಯಸನ, ಲೈಂಗಿಕ ಸೋಂಕು, ಇವು ಯಾವುವೂ ಈ ಷರತ್ತುಗಳಲ್ಲಿ ಪಾಸಾಗುವುದಿಲ್ಲ. ತೂಕದ ಬಗ್ಗೆ ಹೀಯಾಳಿಸಿಕೊಂಡವರು ತೂಕ ಇಳಿಸಿಕೊಳ್ಳುವುದರ ಬದಲು ವೈದ್ಯರ ಬಳಿ ಹೋಗುವುದನ್ನು ಕಡಿಮೆ ಮಾಡುತ್ತಾರೆ.

ಷರತ್ತುಗಳು ಹೆಚ್ಚು ಸಲೀಸಾಗಿ ಪೂರೈಸುವುದು ಬಲವುಳ್ಳ ಸಂಸ್ಥೆಗಳ ವಿಷಯದಲ್ಲಿ. ಇಂಡೊನೇಷ್ಯಾ ಸರ್ಕಾರ 1995ರಲ್ಲಿ ಕಾರ್ಖಾನೆಗಳ ಮಾಲಿನ್ಯಕ್ಕೆ ಚಿನ್ನ, ಹಸಿರು, ನೀಲಿ, ಕೆಂಪು, ಕಪ್ಪು ಎಂಬ ಐದು ಬಣ್ಣಗಳ ದರ್ಜೆ ನೀಡುವ ಪ್ರೋಪರ್ ಯೋಜನೆ ತಂದಿತು. ಮೊದಲು ಒಳ್ಳೆಯ ದರ್ಜೆಯವರ ಹೆಸರನ್ನಷ್ಟೇ ಪ್ರಕಟಿಸಿ, ಉಳಿದವರಿಗೆ ಸುಧಾರಿಸಿಕೊಳ್ಳಲು ವರ್ಷಾಂತ್ಯದವರೆಗೆ ಅವಕಾಶ ಕೊಟ್ಟು, ಆಮೇಲೆ ಕೆಳದರ್ಜೆಯವರನ್ನು ಹೆಸರಿಸುವ ಕ್ರಮ ಅದರದು. ನಾಚಿಕೆಯನ್ನು ಬಳಸಲೇಬೇಕೆನ್ನುವವರು ಈ ಕ್ರಮವನ್ನು ಅಭ್ಯಾಸ ಮಾಡಬೇಕು.

ಬಹಿರಂಗವಾಗಿ ಹೇಳಿಕೊಳ್ಳುವವರು

ಅಮೆರಿಕದ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ 1974ರಲ್ಲಿ ತಮ್ಮ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯನ್ನು ಮುಚ್ಚಿಡದೆ ತಿಳಿಸಿದ ಮೇಲೆ ಆ ದೇಶದಲ್ಲಿ ಪತ್ತೆಯಾಗುವ ಪ್ರಕರಣಗಳ ಸಂಖ್ಯೆ ಏರಿತು. ಉಗಾಂಡದ ಗಾಯಕ ಫಿಲ್ಲಿ ಲುಟಾಯಾ 1989ರಲ್ಲಿ ತಮಗೆ ಏಡ್ಸ್ ಇದೆಯೆಂದು ಬಹಿರಂಗಪಡಿಸಿ, ಅದೇ ವರ್ಷ ತೀರಿಕೊಳ್ಳುವವರೆಗೆ ಶಾಲೆಗಳಲ್ಲಿ, ಚರ್ಚುಗಳಲ್ಲಿ ಮಾತನಾಡಿದರು. ಅದಕ್ಕೂ ಎರಡು ವರ್ಷ ಮೊದಲು ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಏಡ್ಸ್ ವಿಭಾಗವನ್ನು ಉದ್ಘಾಟಿಸಲು ಬಂದ ರಾಜಕುಮಾರಿ ಡಯಾನಾ ರೋಗಿಯೊಬ್ಬರ ಕೈಯನ್ನು ಕೈಗವಸಿಲ್ಲದೆ ಕುಲುಕಿದ ಚಿತ್ರ ಜಗತ್ತಿನೆಲ್ಲೆಡೆ ಹರಡಿತು. ಆ ಚಿತ್ರವನ್ನು ಗಮನಿಸಿ ನೋಡಿದರೆ ರೋಗಿಯ ಬೆನ್ನು ಮಾತ್ರ ಕಾಣುತ್ತದೆ. ಮುಖ ತೋರಿಸಲು ಅವರು ಒಪ್ಪಿರಲಿಲ್ಲ. ರಾಜಕುಮಾರಿಗೆ ಕಳೆದುಕೊಳ್ಳಲು ಏನೂ ಇರದ ಕಡೆ ರೋಗಿಗೆ ಮನೆ, ಕೆಲಸ, ನಂಟು ಎಲ್ಲವೂ ಪಣದಲ್ಲಿದ್ದವು.

ಸಾಮಾನ್ಯ ರೋಗಿಯೊಬ್ಬರನ್ನು ವೇದಿಕೆಗೆ ಕರೆಯುವ ಮುನ್ನ ಇದನ್ನು ನೆನಪಿನಲ್ಲಿಟ್ಟುಕೊಳ್ಳಿ. ಬಹಿರಂಗಗೊಂಡ ನಂತರದ ವಾರಗಳಲ್ಲಿ ಅವರ ಬೆನ್ನಿಗೆ ಯಾರು ನಿಲ್ಲುತ್ತಾರೆ, ಮಕ್ಕಳಿಗೆ ಶಾಲೆಯಲ್ಲಿ ಏನಾದೀತು, ಮನಸ್ಸು ಬದಲಿಸಿದರೆ ವಿಡಿಯೊ ಅಳಿಸಲು ಆಗುತ್ತದೆಯೇ ಎಂಬುದನ್ನು ಅವರೊಂದಿಗೆ ಕುಳಿತು ಮಾತನಾಡಿ, ಯೋಚಿಸಲು ಸಮಯ ಕೊಟ್ಟು, ಇಲ್ಲವೆಂದರೆ ಒತ್ತಾಯಿಸದೆ ಬಿಡಿ. ಕೆಲವು ಕಡೆ ಯಾರ ಕಥೆಗಿಂತಲೂ ಒಂದು ವೈದ್ಯಕೀಯ ಸತ್ಯವೇ ಹೆಚ್ಚು ಹಗುರ ಮಾಡುತ್ತದೆ. ಒಬ್ಬರಿಗೆ ಮಾತ್ರ ಎಚ್‌ಐವಿ ಇರುವ ಜೋಡಿಗಳನ್ನು ಅನುಸರಿಸಿ 2016 ಮತ್ತು 2019ರಲ್ಲಿ ಪ್ರಕಟವಾದ ಪಾರ್ಟ್ನರ್ ಅಧ್ಯಯನಗಳಲ್ಲಿ, ಚಿಕಿತ್ಸೆಯಿಂದ ರಕ್ತದಲ್ಲಿನ ವೈರಸ್ ಅಳತೆಗೆ ಸಿಗದ ಮಟ್ಟಕ್ಕೆ ಇಳಿದಿದ್ದವರಿಂದ ಸಂಗಾತಿಗೆ ಸೋಂಕು ದಾಟಿದ ಒಂದು ಪ್ರಕರಣವೂ ಸಿಗಲಿಲ್ಲ. ಈ ಮಾತನ್ನು ಎಷ್ಟು ಜನ ರೋಗಿಗಳಿಗೆ ಅವರ ವೈದ್ಯರು ಬಾಯಿಬಿಟ್ಟು ಹೇಳಿದ್ದಾರೆ ಎಂಬುದನ್ನು ನಿಮ್ಮ ಕೇಂದ್ರದಲ್ಲಿ ವಿಚಾರಿಸಿ ನೋಡಿ.

ಬದಲಾವಣೆಯನ್ನು ಅಳೆಯುವುದು

ಸಭೆಗೆ ಬಂದವರ ತಲೆ ಎಣಿಸುವುದರಿಂದಾಗಲಿ, ‘ಇಂಥ ರೋಗಿಯ ಪಕ್ಕದಲ್ಲಿ ಕೂರುವಿರಾ?’ ಎಂಬ ಸಮೀಕ್ಷೆಯಿಂದಾಗಲಿ ಹೆಚ್ಚಿನದು ತಿಳಿಯುವುದಿಲ್ಲ. ಏನು ಉತ್ತರಿಸಿದರೆ ಸಭ್ಯರೆನ್ನಿಸಿಕೊಳ್ಳುತ್ತೇವೆಂದು ಜನರಿಗೆ ಗೊತ್ತಿರುತ್ತದೆ. ಲಕ್ಷಣ ಕಂಡ ದಿನದಿಂದ ಮೊದಲ ಭೇಟಿಯವರೆಗಿನ ದಿನಗಳನ್ನು ಪ್ರತಿ ಹೊಸ ರೋಗಿಯ ದಾಖಲೆಯಲ್ಲೂ ಬರೆದಿಡಿ. ಹತ್ತಿರದ ಕೇಂದ್ರ ಬಿಟ್ಟು ದೂರದಿಂದ ಬಂದವರೆಷ್ಟು ಎಂಬುದನ್ನೂ ಗುರುತಿಸಿ, ಏಕೆಂದರೆ ಗುರುತಿನವರ ಕಣ್ಣು ತಪ್ಪಿಸಲು ಎಷ್ಟು ಜನ ಬಸ್ ಹತ್ತುತ್ತಿದ್ದಾರೆ ಎಂಬುದು ಅದರಿಂದ ತಿಳಿಯುತ್ತದೆ. ಎರಡನೆಯ ಭೇಟಿಗೆ ಬಾರದವರ ಪ್ರಮಾಣವನ್ನು ಮೂರು ತಿಂಗಳಿಗೊಮ್ಮೆ ನೋಡಿ. ಅಂಥವರಿಗೆ ಫೋನ್ ಮಾಡುವುದಾದರೆ ಯಾವ ಸಂಖ್ಯೆಗೆ, ಯಾವ ವೇಳೆಯಲ್ಲಿ ಮಾಡಬಹುದೆಂದು ಮೊದಲ ದಿನವೇ ಅವರನ್ನು ಕೇಳಿ ಬರೆದುಕೊಂಡಿರಬೇಕು. ಬೇರೆಯವರು ಕರೆ ಎತ್ತಿಕೊಂಡರೆ ಸಿಬ್ಬಂದಿ ಆಸ್ಪತ್ರೆಯ ಹೆಸರನ್ನಾಗಲಿ ವಿಭಾಗದ ಹೆಸರನ್ನಾಗಲಿ ಹೇಳದೆ, ಮತ್ತೆ ಮಾಡುತ್ತೇನೆಂದಷ್ಟೇ ಹೇಳಿ ಕರೆ ಮುಗಿಸಬೇಕು.